ಒಂದೇ ಹಡಗಿನಲ್ಲಿ ಎರಡು ನಿಷಿದ್ಧ ಸರಕುಗಳು



ಒಂದು ದೇಶದ ಅಧಿಕಾರಿಗಳು ಇಂಥಿಂಥ ಸರಕು ನಮ್ಮ ಮೇರೆಯೊಳಗೆ ಬರಕೂಡದೆಂದು ಆಜ್ಞೆಮಾಡಿರುವಾಗ, ಅದನ್ನು ಅಡಗಿಸಿ ಒಳಗೆ ತರುವದು ದೇವರ ಮುಂದೆ ಪಾಪವೋ, ಅಥವಾ ಸಿಕ್ಕಿಬಿದ್ದರೆ ದಂಡ ಕೊಟ್ಟು ತೀರಿಸಬಹುದಾದ ಒಂದು ತಪ್ಪು ಮಾತ್ರವೋ? ಈ ಪ್ರಶ್ನೆಯು ನಮ್ಮ ಗ್ರಾಮಸಭೆಗಳಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಕೆಲವರು ಹೇಳುವದೇನಂದರೆ, ಕಳ್ಳತನದಲ್ಲಿ ಒಬ್ಬನ ಮನೆಯಿಂದ ಏನಾದರೂ ಹೋಗುತ್ತದೆ. ಇಲ್ಲಿಯಾದರೋ ಯಾರ ಮನೆಯಿಂದಲೂ ಏನೂ ಹೋಗುವದಿಲ್ಲ. ಮಾರಿದವನು ಸಂತೋಷದಿಂದ ಮಾರಿದನು, ಕೊಂಡವನು ಸಂತೋಷದಿಂದ ಕೊಂಡನು, ನಡುವೆ ಸರಕಾರಕ್ಕೇನು ಕೆಲಸ? ಬೇರೆ ಕೆಲವರು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ತೆರೆದು, ಅಧಿಕಾರವು ದೇವರಿಂದ ಬಂದದ್ದೆಂದೂ ಸುಂಕಕ್ಕೆ ಹಕ್ಕುಳ್ಳವರಿಗೆ ಸುಂಕವನ್ನು ಸಲ್ಲಿಸಬೇಕೆಂದೂ ಅಪೊಸ್ತಲನು ಕಲಿಸಿದ್ದನ್ನು ತೋರಿಸಿ ಮಾತನ್ನು ಮುಗಿಸಿಬಿಡುತ್ತಾರೆ. ಮೊದಲನೆಯವರ ಮಾತು ಬಹಳ ಸುಲಭವಾದದ್ದು. ಎರಡನೆಯವರದು ಸತ್ಯವಾದದ್ದೇ, ಆದಾಗ್ಯೂ ಅದರಿಂದ ಪ್ರಶ್ನೆಯು ಪೂರ್ತಿಯಾಗಿ ತೀರಿತೆಂದು ನಮಗೆ ತೋಚುವದಿಲ್ಲ. ಯಾಕೆ ತೋಚುವದಿಲ್ಲವೆಂಬದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿಚಾರಿಸೋಣ.

ಸರಕನ್ನು ಬಾಗಿಲಲ್ಲೇ ತಡೆಯುವದು ಹೊಸ ಸಂಗತಿಯಲ್ಲ. ಸತ್ಯವೇದದಲ್ಲಿಯೇ ಅದರ ದೃಷ್ಟಾಂತವುಂಟು. ನೆಹೆಮೀಯನ ಪುಸ್ತಕದ ಕೊನೆಯ ಅಧ್ಯಾಯವನ್ನು ಓದಿದವರು ತೂರ್ ಪಟ್ಟಣದ ವರ್ತಕರನ್ನು ನೆನಸುವರು. ಅವರು ಸಬ್ಬತ್ ದಿನದಲ್ಲಿ ಮೀನು ಮೊದಲಾದ ಸರಕನ್ನು ಯೆರೂಸಲೇಮಿಗೆ ತಂದು ಮಾರುತ್ತಿದ್ದರು. ನೆಹೆಮೀಯನು ಸಬ್ಬತ್ತಿನ ಹಿಂದಿನ ಸಂಜೆ ಪಟ್ಟಣದ ಬಾಗಿಲುಗಳನ್ನು ಮುಚ್ಚಿಸಿ, ತನ್ನ ಸೇವಕರನ್ನೇ ಕಾವಲಿಟ್ಟನು. ವರ್ತಕರು ಒಂದೆರಡು ಸಾರಿ ಗೋಡೆಯ ಹೊರಗೆ ರಾತ್ರಿ ಕಳೆದರು. ಆತನು ಅವರನ್ನು ಹಿಡಿಸುವೆನೆಂದು ಗದರಿಸಿದ ಮೇಲೆ ಬರುವದನ್ನು ಬಿಟ್ಟರು. ಮೀನು ಕೆಟ್ಟ ಪದಾರ್ಥವಲ್ಲ, ಯೆರೂಸಲೇಮಿನವರು ಅದನ್ನು ಕೊಳ್ಳುವದಕ್ಕೆ ಮನಸ್ಸುಳ್ಳವರಾಗಿಯೇ ಇದ್ದರು. ಆದಾಗ್ಯೂ ಬಾಗಿಲು ಮುಚ್ಚಿದವನು ಸರಿಯಾದದ್ದನ್ನೇ ಮಾಡಿದನು. ಹಾಗಾದರೆ ಕೊಡುವವನೂ ಕೊಳ್ಳುವವನೂ ಒಪ್ಪಿದರೆ ಸಾಕೆಂಬ ಮಾತು ಇಲ್ಲಿಯೇ ಬಿದ್ದುಹೋಗುತ್ತದೆ.

ಆದರೆ ಮುಚ್ಚಿದ ಬಾಗಿಲುಗಳೆಲ್ಲಾ ನೆಹೆಮೀಯನ ಬಾಗಿಲುಗಳಲ್ಲ. 1526ರಲ್ಲಿ ವಿಲಿಯಂ ಟಿಂಡೇಲನು ಇಂಗ್ಲಿಷ್ ಭಾಷೆಗೆ ತಿರುಗಿಸಿದ ಹೊಸ ಒಡಂಬಡಿಕೆಯು ಜರ್ಮನಿಯ ವೋರ್ಮ್ಸ್ ಪಟ್ಟಣದಲ್ಲಿ ಅಚ್ಚಾಯಿತು. ಅದು ಇಂಗ್ಲೆಂಡಿನೊಳಗೆ ಬರುವದು ನಿಷೇಧಿಸಲ್ಪಟ್ಟಿತ್ತು. ವರ್ತಕರು ಪುಸ್ತಕಗಳನ್ನು ಬಟ್ಟೆಯ ಮೂಟೆಗಳಲ್ಲಿ ಹುದುಗಿಸಿ ಹಡಗಿನ ಮೇಲೆ ತಂದರು. ಲಂಡನಿನ ಬಿಷಪನಾದ ಟನ್‌ಸ್ಟಲನು ಸಿಕ್ಕ ಪ್ರತಿಗಳನ್ನು ಸುಡಿಸಿದನು. (ಸುಡುವದಕ್ಕೋಸ್ಕರ ಆತನು ಒಬ್ಬ ವರ್ತಕನ ಮೂಲಕ ಪ್ರತಿಗಳನ್ನು ಕೊಂಡುಕೊಂಡನೆಂದೂ, ಆ ಹಣವೇ ಟಿಂಡೇಲನಿಗೆ ಮುಟ್ಟಿ ತಿದ್ದಿದ ಮುದ್ರಣಕ್ಕೆ ಉಪಯೋಗವಾಯಿತೆಂದೂ ಹಳೆಯ ಚರಿತ್ರೆಕಾರನೊಬ್ಬನು ಬರೆದಿದ್ದಾನೆ.) ಟಿಂಡೇಲನು 1536ರಲ್ಲಿ ಕುತ್ತಿಗೆ ಬಿಗಿದು ಕೊಲ್ಲಲ್ಪಟ್ಟನು, ಆತನ ದೇಹವು ಸುಡಲ್ಪಟ್ಟಿತು. ಇವನನ್ನು ನಾವು ರಕ್ತಸಾಕ್ಷಿಯೆಂದು ಗೌರವಿಸುತ್ತೇವೆ. ಹೆಸರಿಗೆ ನೋಡಿದರೆ ಆ ಬಟ್ಟೆಯ ಮೂಟೆಗಳನ್ನು ತಂದವರು ನಿಷಿದ್ಧ ಸರಕನ್ನು ಕದ್ದು ಸಾಗಿಸಿದವರೇ. ಅವರನ್ನು ಹೊಗಳುವ ಬಾಯಿಂದ ನಾವು ಮಿಕ್ಕ ಕಳ್ಳಸಾಗಣೆಗಾರರನ್ನು ಯಾವ ನ್ಯಾಯದಿಂದ ಖಂಡಿಸುತ್ತೇವೆ?

ಈ ಪ್ರಶ್ನೆಗೆ ಸುಮ್ಮನೆ ಕುಳಿತು ಉತ್ತರ ಕಟ್ಟುವದಕ್ಕಿಂತ, ಎರಡು ಬಗೆಯ ನಿಷಿದ್ಧ ಸರಕುಗಳೂ ಒಂದೇ ಹಡಗಿನಲ್ಲಿ ಹೋದ ಒಂದು ಚರಿತ್ರೆಯನ್ನು ನೋಡುವದು ಮೇಲು. ಅದು ಚೀನಾದೇಶದ ಅಫೀಮಿನ ಚರಿತ್ರೆ.

ಚೀನಾದ ಯೊಂಗ್‌ಝೆಂಗ್ ಚಕ್ರವರ್ತಿಯು 1729ರಲ್ಲಿಯೇ ಸೇದುವದಕ್ಕಾಗಿ ಅಫೀಮನ್ನು ಮಾರಬಾರದೆಂದು ಆಜ್ಞಾಪಿಸಿದನು. ಆ ಶತಮಾನದ ಕೊನೆಗೆ ಅದು ದೇಶದೊಳಗೆ ಬರುವದೇ ನಿಷೇಧಿಸಲ್ಪಟ್ಟಿತು. ಆ ಅಫೀಮು ಬಂದದ್ದು ಎಲ್ಲಿಂದ? ನಮ್ಮ ಈ ಭಾರತದಿಂದಲೇ. ಬಿಹಾರ ಮತ್ತು ಕಾಶಿಯ ಸುತ್ತಿನ ರೈತರು ಸರಕಾರದಿಂದ ಮುಂಗಡ ಹಣ ಹಿಡಿದು ಗಸಗಸೆಯ ಗಿಡವನ್ನು ಬೆಳೆದು, ಅದರ ಹಾಲನ್ನು ಗೊತ್ತಾದ ಬೆಲೆಗೆ ಸರಕಾರಕ್ಕೇ ಕೊಡಬೇಕಾಗಿತ್ತು. ಪಟ್ನಾದಲ್ಲಿಯೂ ಘಾಜೀಪುರದಲ್ಲಿಯೂ ಅದನ್ನು ಉಂಡೆಕಟ್ಟಿ, ಪೆಟ್ಟಿಗೆಗೆ 40 ಉಂಡೆಗಳಂತೆ ತುಂಬುತ್ತಿದ್ದರು. ಒಂದು ಪೆಟ್ಟಿಗೆಯ ತೂಕ 60 ಕಿಲೋಗ್ರಾಮಿಗೆ ಮೀರುತ್ತಿತ್ತು. ಮಾಳವ ಪ್ರಾಂತದ ಅಫೀಮು ಬೇರೆ ಮುಂಬಯಿಯ ದಾರಿಯಾಗಿ ಹೋಗುತ್ತಿತ್ತು. 1800ರ ಸುಮಾರಿಗೆ ವರ್ಷಕ್ಕೆ ಸುಮಾರು 4,000 ಪೆಟ್ಟಿಗೆಗಳು ಚೀನಾಕ್ಕೆ ಸೇರುತ್ತಿದ್ದವು. 1838ರ ಹೊತ್ತಿಗೆ ಅದು ಸುಮಾರು 40,000 ಆಯಿತು.

ನಿಷೇಧವಿದ್ದ ದೇಶಕ್ಕೆ ಇಷ್ಟೊಂದು ಹೇಗೆ ಸೇರಿತು? ಇದನ್ನು ಚೆನ್ನಾಗಿ ಗಮನಿಸಬೇಕು, ಯಾಕಂದರೆ ಮನಸ್ಸಾಕ್ಷಿಯನ್ನು ನಿದ್ರೆಗೊಳಿಸುವ ಉಪಾಯವು ಇದಕ್ಕಿಂತ ಚೆನ್ನಾಗಿ ಬೇರೆಲ್ಲಿಯೂ ಕಾಣಸಿಗದು. ಈಸ್ಟ್ ಇಂಡಿಯಾ ಕಂಪೆನಿಯವರು ತಮ್ಮ ಸ್ವಂತ ಹಡಗುಗಳಲ್ಲಿ ಅದನ್ನು ಚೀನಾಕ್ಕೆ ಒಯ್ಯುತ್ತಿರಲಿಲ್ಲ. ಒಯ್ಯಬಾರದೆಂದು ತಮ್ಮವರಿಗೆ ಕಟ್ಟಪ್ಪಣೆ ಮಾಡಿದ್ದರು. ಅವರು ಮಾಡಿದ್ದು ಕಲ್ಕತ್ತೆಯಲ್ಲಿ ಹರಾಜು ಮಾತ್ರ. ಹರಾಜಿನಲ್ಲಿ ಕೊಂಡವನು ಎಲ್ಲಿಗೆ ಒಯ್ದರೆ ತಮಗೇನು? ಕೊಂಡ ವರ್ತಕನಾದರೋ ಅದನ್ನು ಕಾಂಟನಿನ ಬಂದರಕ್ಕೆ ಒಯ್ಯದೆ, ಹೊರಗೆ ಸಮುದ್ರದಲ್ಲಿ ಲಿಂಟಿನ್ ಎಂಬ ದ್ವೀಪದ ಬಳಿಯಲ್ಲಿ ಲಂಗರು ಹಾಕಿದ ಹಡಗುಗಳಿಗೆ ಇಳಿಸುತ್ತಿದ್ದನು. ತಾನು ಚೀನಾದ ನೆಲವನ್ನು ಮುಟ್ಟಲಿಲ್ಲವಲ್ಲಾ! ಅಲ್ಲಿಂದ ಚೀನೀ ಕಳ್ಳಸಾಗಣೆಗಾರರು ಅನೇಕ ಹುಟ್ಟುಗಳುಳ್ಳ ವೇಗವಾದ ದೋಣಿಗಳಲ್ಲಿ ಬಂದು ಒಯ್ಯುತ್ತಿದ್ದರು. ಕಾವಲಿನ ಅಧಿಕಾರಿಗಳು ಲಂಚ ತಿಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹೀಗೆ ಬೆಳೆದವನು, ಹರಾಜು ಕೂಗಿದವನು, ಸಾಗಿಸಿದವನು, ಇಳಿಸಿಕೊಂಡವನು, ಒಬ್ಬೊಬ್ಬನೂ ತನ್ನ ಕೈಯ ಪಾಪವನ್ನು ಮುಂದಿನವನ ಕೈಗೆ ದಾಟಿಸಿದನು. ಪಿಲಾತನು ಒಬ್ಬನೇ ಒಂದು ಬೋಗುಣಿಯಲ್ಲಿ ಕೈ ತೊಳೆದನು. ಇಲ್ಲಿ ಬೋಗುಣಿಯು ಪಂಕ್ತಿಯಲ್ಲಿ ಕೈಯಿಂದ ಕೈಗೆ ಹೋಯಿತು.

ಈಗ ನಮಗೆ ಹತ್ತಿರವಾದ, ಹೇಳುವದಕ್ಕೆ ಕಷ್ಟವಾದ ಸಂಗತಿಗೆ ಬರುತ್ತೇವೆ. ಕಾರ್ಲ್ ಗುಟ್ಸ್‌ಲಾಫ್ ಎಂಬ ಜರ್ಮನ್ ಮಿಶನೆರಿಯು ಚೀನೀ ಭಾಷೆಯಲ್ಲಿ ಬಹು ನಿಪುಣನು. ಆ ಜನರ ರಕ್ಷಣೆಗೋಸ್ಕರ ಆತನಲ್ಲಿದ್ದ ಆಸಕ್ತಿಯನ್ನು ಯಾರೂ ಸಂಶಯಿಸಲಾರರು. ಕ್ರೈಸ್ತ ಪುಸ್ತಕಗಳನ್ನು ಹಂಚುವದನ್ನೂ ಚೀನಾದ ಸರಕಾರವು ನಿಷೇಧಿಸಿತ್ತು. ಕರಾವಳಿಯ ಉದ್ದಕ್ಕೂ ಹೋಗಿ ಪುಸ್ತಕಗಳನ್ನು ಕೊಡಬೇಕೆಂದು ಆತನ ಆಶೆ. ಆದರೆ ಹಡಗು ಯಾರದು? 1832ರಲ್ಲಿ ವಿಲಿಯಂ ಜಾರ್ಡಿನ್ ಎಂಬ ದೊಡ್ಡ ಅಫೀಮು ವರ್ತಕನು ತನ್ನ ‘ಸಿಲ್ಫ್’ ಎಂಬ ಹಡಗಿಗೆ ದ್ವಿಭಾಷಿಯಾಗಿ ಬರಬೇಕೆಂದು ಆತನನ್ನು ಕರೆದನು. ಹಡಗಿನ ಸರಕು ಇಂಥದೆಂದು ಮುಚ್ಚಿಡಲಿಲ್ಲ. ಗುಟ್ಸ್‌ಲಾಫನು ತೆರೆಯುವದಕ್ಕೆ ಎಣಿಸಿದ್ದ ಚೀನೀ ಮಾಸಪತ್ರಿಕೆಯ ಖರ್ಚಿಗೆ ಕೆಲವು ತಿಂಗಳು ತಾನು ಹೊಣೆಯಾಗುವೆನೆಂದೂ ವರ್ತಕನು ತಿಳಿಸಿದನು. ಮಾಸಪತ್ರಿಕೆಯನ್ನು ನಡೆಸುವವರಿಗೆ ಅಂಥ ಮಾತು ಎಷ್ಟು ಸಿಹಿಯಾಗಿ ಕೇಳಿಸುತ್ತದೆಂಬದನ್ನು ನಾವು ಬಲ್ಲೆವು. ಗುಟ್ಸ್‌ಲಾಫನು ಮನಸ್ಸಿನಲ್ಲಿ ಹೋರಾಡಿ, ಕೊನೆಗೆ ಹೋದನು. ಹಡಗಿನ ಒಂದು ಪಕ್ಕದಿಂದ ಅಫೀಮಿನ ಪೆಟ್ಟಿಗೆಗಳು ಇಳಿದವು; ಇನ್ನೊಂದು ಪಕ್ಕದಿಂದ ಸುವಾರ್ತೆಯ ಪುಸ್ತಕಗಳು ಇಳಿದವು. ಎರಡನ್ನೂ ಕೊಳ್ಳುವ ಜನರ ಸಂಗಡ ಮಾತಾಡಿದ್ದು ಒಂದೇ ನಾಲಿಗೆ.

ಈತನು ನಮಗೆ ದೂರದವನಲ್ಲ. ಮಂಗಳೂರಿನಲ್ಲಿ 1834ರಲ್ಲಿ ಕೆಲಸವನ್ನಾರಂಭಿಸಿದ ಬಾಸೆಲ್ ಮಿಶನಿನವರು ಚೀನಾದೇಶಕ್ಕೂ ಸೇವಕರನ್ನು ಕಳುಹಿಸಿದ್ದು ಈ ಗುಟ್ಸ್‌ಲಾಫನ ಕರೆಯಿಂದಲೇ. ಹಾಂಬರ್ಗ್ ಮತ್ತು ಲೆಕ್ಲರ್ ಎಂಬ ಇಬ್ಬರು 1847ರಲ್ಲಿ ಹಾಂಗ್‌ಕಾಂಗಿಗೆ ಮುಟ್ಟಿದರು. ಆದಕಾರಣ ಆತನನ್ನು ಕಲ್ಲೆಸೆಯುವವರಂತೆ ನಾವು ನೋಡುವದಿಲ್ಲ. ಆತನ ತರ್ಕವನ್ನು ಮಾತ್ರ ನೋಡುತ್ತೇವೆ. ಆತ್ಮಗಳು ನಾಶವಾಗುತ್ತಿವೆ, ಹಡಗು ನಾನು ಹತ್ತದಿದ್ದರೂ ಅಫೀಮು ಹೋಗಿಯೇ ಹೋಗುವದು, ಹತ್ತಿದರೆ ಪುಸ್ತಕಗಳಾದರೂ ಹೋಗುವವು. ಕೇಳುವದಕ್ಕೆ ಇದು ದೃಢವಾಗಿದೆ. ಆದರೆ ದ್ವಿಭಾಷಿಯಿಲ್ಲದೆ ಆ ಹಡಗು ಹೊಸ ಊರುಗಳಲ್ಲಿ ವ್ಯಾಪಾರ ಮಾಡಲಾರದೆಂದೇ ಅಲ್ಲವೇ ವರ್ತಕನು ಆತನನ್ನು ಕರೆದದ್ದು?

ಬೇರೆ ದಾರಿಯಿರಲಿಲ್ಲವೆಂದು ಯಾರೂ ಹೇಳಲಾರರು. ಅದೇ ಕಾಂಟನಿನಲ್ಲಿ ಆಲಿಫಂಟ್ ಎಂಬ ಅಮೇರಿಕದ ಕ್ರೈಸ್ತ ವರ್ತಕನಿದ್ದನು. ಆತನ ವ್ಯಾಪಾರಶಾಲೆಯವರು ಅಫೀಮನ್ನು ಮುಟ್ಟಲೇ ಇಲ್ಲ. ಮಿಕ್ಕ ವರ್ತಕರು ನಗುತ್ತಾ ಆ ಕೋಠಿಗೆ ಚೀಯೋನಿನ ಮೂಲೆ ಎಂದು ಹೆಸರಿಟ್ಟರು. ಆತನು ಮಿಶನೆರಿಗಳನ್ನು ತನ್ನ ಹಡಗುಗಳಲ್ಲಿ ಬಾಡಿಗೆಯಿಲ್ಲದೆ ಕರತಂದನು. ಲಾಭವು ಅಫೀಮಿನವರಷ್ಟು ದೊರೆಯಲಿಲ್ಲ. ಆದರೆ ಚಹಾ ರೇಷ್ಮೆಗಳ ವ್ಯಾಪಾರದಿಂದ ಅನೇಕ ವರ್ಷ ಅವನು ಅಲ್ಲಿ ಬದುಕಿದನು.

1839ರ ಮಾರ್ಚ್ ತಿಂಗಳಲ್ಲಿ ಚಕ್ರವರ್ತಿಯು ಕಳುಹಿಸಿದ ಲಿನ್ ಝೆಷೂ ಎಂಬ ಅಧಿಕಾರಿಯು ಕಾಂಟನಿಗೆ ಬಂದನು. ಲಂಚ ತಿನ್ನದವನೆಂದು ಇವನಿಗೆ ಹೆಸರಿತ್ತು. ಪರದೇಶದ ವರ್ತಕರನ್ನು ಅವರ ಕೋಠಿಗಳಲ್ಲೇ ತಡೆದಿಟ್ಟು, ಅಫೀಮನ್ನೆಲ್ಲಾ ಒಪ್ಪಿಸಬೇಕೆಂದು ಕೇಳಿದನು. 20,283 ಪೆಟ್ಟಿಗೆಗಳು ಒಪ್ಪಿಸಲ್ಪಟ್ಟವು. ಇಷ್ಟು ಧನವು ಕೈಗೆ ಬಂದರೆ ಯಾವ ಅಧಿಕಾರಿಯು ಏನು ಮಾಡುವನೆಂದು ವಾಚಕರೇ ಊಹಿಸಿಕೊಳ್ಳಲಿ. ಲಿನ್ ಮಾಡಿದ್ದೇನಂದರೆ, ಹೂಮೆನ್ ಎಂಬಲ್ಲಿ ಸಮುದ್ರದ ಹತ್ತಿರ ಮೂರು ದೊಡ್ಡ ಹೊಂಡಗಳನ್ನು ತೋಡಿಸಿ, ನೀರು ತುಂಬಿಸಿ, ಉಪ್ಪನ್ನೂ ಸುಣ್ಣವನ್ನೂ ಹಾಕಿ, ಅಫೀಮನ್ನು ಒಡೆದು ಕರಗಿಸಿ, ಇಳಿತದ ಹೊತ್ತಿನಲ್ಲಿ ಸಮುದ್ರಕ್ಕೆ ಬಿಡಿಸಿದನು. ಜೂನ್ 3ರಿಂದ ಸುಮಾರು ಮೂರು ವಾರ ಈ ಕೆಲಸ ನಡೆಯಿತು. ಹೀಗೆ ಮಾಡುವ ಮುಂಚೆ, ನೀರನ್ನು ಕೆಡಿಸುವದಕ್ಕೋಸ್ಕರ ಸಮುದ್ರದ ದೇವತೆಗೆ ಬಲಿಯನ್ನರ್ಪಿಸಿ ಕ್ಷಮೆ ಬೇಡಿಕೊಂಡನು. ಅವನ ಪೂಜೆಯನ್ನು ನಾವು ಒಪ್ಪುವದಿಲ್ಲ. ಆದರೆ ಮೀನುಗಳಿಗೆ ವಿಷವಾದೀತೆಂದು ಚಿಂತಿಸಿದ ಈ ಅನ್ಯಮತದವನ ಎದುರಿನಲ್ಲಿ, ಮನುಷ್ಯರಿಗೆ ವಿಷವಾದೀತೆಂದು ಚಿಂತಿಸದ ಕ್ರೈಸ್ತನಾಮಧಾರಿಗಳನ್ನು ನಿಲ್ಲಿಸಿ ನೋಡಿದರೆ ನಾಚಿಕೆಯಾಗುತ್ತದೆ. ಈ ನಾಶವು ಬರೀ ನಾಟಕವೆಂದು ವರ್ತಕರು ಹಾಸ್ಯಮಾಡುತ್ತಿರಲು, ಅಮೇರಿಕದ ಮಿಶನೆರಿಯಾದ ಬ್ರಿಜ್‌ಮನನೂ ಆಲಿಫಂಟನ ಶಾಲೆಯ ಕಿಂಗ್ ಎಂಬ ವರ್ತಕನೂ ಹೂಮೆನಿಗೆ ಹೋಗಿ ಕಣ್ಣಾರೆ ನೋಡಿದರು. ಕೆಲಸವು ಪ್ರಾಮಾಣಿಕವಾಗಿ ನಡೆಯುತ್ತದೆಂದು ಬ್ರಿಜ್‌ಮನನು ತನ್ನ ಪತ್ರಿಕೆಯಲ್ಲಿ ಬರೆದನು.

ಲಿನ್ ಇಂಗ್ಲೆಂಡಿನ ರಾಣಿಗೆ ಒಂದು ಪತ್ರವನ್ನೂ ರಚಿಸಿದನು. ಅದರ ಸಾರವು, ನಿಮ್ಮ ದೇಶಕ್ಕೆ ಯಾರಾದರೂ ಇಂಥ ಪದಾರ್ಥವನ್ನು ತಂದು ನಿಮ್ಮ ಪ್ರಜೆಗಳನ್ನು ಮರುಳುಮಾಡಿದರೆ ನೀವು ಸಹಿಸುತ್ತಿದ್ದಿರೋ ಎಂಬದೇ. ನಮ್ಮ ಕರ್ತನು ಪರ್ವತದ ಮೇಲೆ ಕಲಿಸಿದ ಸುವರ್ಣ ನಿಯಮವನ್ನು ಆತನನ್ನು ಅರಿಯದವನೊಬ್ಬನು ಕ್ರೈಸ್ತ ರಾಣಿಗೆ ನೆನಪು ಮಾಡಬೇಕಾಯಿತು.

ಉತ್ತರವಾಗಿ ಬಂದದ್ದು ಯುದ್ಧದ ಹಡಗುಗಳು. ಇಂಗ್ಲೆಂಡಿನಲ್ಲಿಯೂ ಮನಸ್ಸಾಕ್ಷಿಯುಳ್ಳವರು ಇರಲಿಲ್ಲವೆಂದಲ್ಲ: 1840ರ ಏಪ್ರಿಲಿನಲ್ಲಿ ಪಾರ್ಲಿಮೆಂಟಿನಲ್ಲಿ ತರುಣನಾದ ಗ್ಲಾಡ್‌ಸ್ಟನನು ಈ ಯುದ್ಧವನ್ನು ಕಠಿನವಾಗಿ ಖಂಡಿಸಿದನು, ಸರಕಾರಕ್ಕೆ ವಿರೋಧವಾದ ಠರಾವು 9 ಮತಗಳಿಂದ ಮಾತ್ರ ಬಿದ್ದುಹೋಯಿತು. 1842ರ ನಾನ್‌ಕಿಂಗ್ ಒಡಂಬಡಿಕೆಯಂತೆ ಚೀನಾ ಐದು ಬಂದರಗಳನ್ನು ತೆರೆದು, ಹಾಂಗ್‌ಕಾಂಗನ್ನು ಬಿಟ್ಟುಕೊಟ್ಟು, 2 ಕೋಟಿ 10 ಲಕ್ಷ ಬೆಳ್ಳಿಯ ಡಾಲರುಗಳನ್ನು ಕೊಡಬೇಕಾಯಿತು. ಅದರಲ್ಲಿ 60 ಲಕ್ಷವು ಹೊಂಡದಲ್ಲಿ ಕರಗಿಸಿದ ಅಫೀಮಿನ ಬೆಲೆ.

ಆ ಕಾಲದಲ್ಲಿ ಕೆಲವರು ವ್ಯಾಪಾರದ ಸ್ವಾತಂತ್ರ್ಯವು ದೇವರು ಲೋಕಕ್ಕೆ ಕೊಟ್ಟ ನಿಯಮವೆಂದೂ, ಬಾಗಿಲು ಮುಚ್ಚುವ ಅರಸನು ಆ ನಿಯಮವನ್ನು ಮೀರುವವನೆಂದೂ ವಾದಿಸಿದರು. ಇದನ್ನು ಕೇಳುವಾಗ ನಮ್ಮ ದೇಶದ ನೇಕಾರರ ನೆನಪು ಬಾರದಿರದು. ಇದೇ ಇಂಗ್ಲೆಂಡಿನವರು 1700ರಲ್ಲಿ ಒಂದು ಶಾಸನವನ್ನೂ 1721ರಲ್ಲಿ ಇನ್ನೊಂದನ್ನೂ ಮಾಡಿ, ಹಿಂದೂದೇಶದ ಬಣ್ಣದ ಅಚ್ಚಿನ ಹತ್ತಿಬಟ್ಟೆಯನ್ನು ತಮ್ಮ ಜನರು ಉಡದಂತೆ ತಡೆದಿದ್ದರು. 1719ರಲ್ಲಿ ಲಂಡನಿನ ನೇಕಾರರು ಬೀದಿಯಲ್ಲಿ ಹೋಗುವ ಹೆಂಗಸರ ಮೈಮೇಲಿನ ಅಂಥ ಬಟ್ಟೆಯನ್ನು ಹರಿದುಹಾಕಿದ್ದುಂಟು. ತಮ್ಮ ನೇಕಾರನ ಹೊಟ್ಟೆಗೋಸ್ಕರ ಬಟ್ಟೆಯನ್ನು ತಡೆಯುವದು ನ್ಯಾಯವಾದರೆ, ಚೀನಾದವನು ತನ್ನ ಮಕ್ಕಳ ಪ್ರಾಣಕ್ಕೋಸ್ಕರ ಅಫೀಮನ್ನು ತಡೆಯುವದು ಅನ್ಯಾಯ ಹೇಗಾದೀತು?

ಚೀನಾದ ನಿಷೇಧದಲ್ಲಿಯೂ ಸ್ವಾರ್ಥವಿತ್ತೆಂಬದನ್ನು ನಾವು ಮರೆಮಾಡುವದಿಲ್ಲ. ದೇಶದ ಬೆಳ್ಳಿಯೆಲ್ಲಾ ಅಫೀಮಿಗಾಗಿ ಹೊರಗೆ ಹೋಗುತ್ತದೆಂಬ ಭಯವೂ ಆಸ್ಥಾನದಲ್ಲಿತ್ತು. 1836ರಲ್ಲಿ ಒಬ್ಬ ಅಧಿಕಾರಿಯು ನಿಷೇಧವನ್ನು ತೆಗೆದು ಸುಂಕ ಹಾಕೋಣವೆಂದು ಸಲಹೆ ಕೊಟ್ಟನು. ಚಕ್ರವರ್ತಿಯು ಅನೇಕರನ್ನು ವಿಚಾರಿಸಿ ಅದನ್ನು ತಳ್ಳಿಬಿಟ್ಟನು. ಲೋಕದ ಯಾವ ಅರಸನ ಕಟ್ಟಳೆಯೂ ಬರೀ ಪ್ರೀತಿಯಿಂದ ಹುಟ್ಟುವದಿಲ್ಲ. ಕಟ್ಟಳೆ ಮಾಡಿದವನ ಮನಸ್ಸು ಅರ್ಧ ಶುದ್ಧವಾಗಿದ್ದ ಮಾತ್ರಕ್ಕೆ ಅದನ್ನು ಮುರಿಯುವವನ ಮನಸ್ಸು ಪೂರ್ತಿ ಶುದ್ಧವಾಗುವದಿಲ್ಲ.

ಹಾಗಾದರೆ ಟಿಂಡೇಲನಿಗೂ ಜಾರ್ಡಿನನಿಗೂ ಇರುವ ಭೇದವೇನು? ಪುಸ್ತಕವು ಒಳ್ಳೆಯದು, ಅಫೀಮು ಕೆಟ್ಟದ್ದು ಎಂದರೆ ಸಾಕೋ? ಸಾಲದು. ಯಾಕಂದರೆ ತಾನು ತರುವ ಸರಕು ಒಳ್ಳೆಯದೆಂದು ಹೇಳದ ವರ್ತಕನನ್ನು ನಾವು ಈ ವರೆಗೆ ಕಂಡಿಲ್ಲ. ಟಿಂಡೇಲನ ವಿಷಯದಲ್ಲಿ ನಮಗೆ ಬೇರೆ ಎರಡು ಸಂಗತಿಗಳು ಕಾಣುತ್ತವೆ. ನಿಷೇಧವನ್ನು ಮುರಿದದ್ದರ ಬೆಲೆಯನ್ನು ಆತನೇ ಕೊಟ್ಟನು, ತನ್ನ ಪ್ರಾಣದಿಂದ ಕೊಟ್ಟನು. ಪುಸ್ತಕವನ್ನು ಪಡೆದವರಿಗೆ ಲಾಭವಾಯಿತು. ಅಫೀಮಿನಲ್ಲಿ ಲಾಭವು ತಂದವನಿಗೆ, ಬೆಲೆ ಕೊಟ್ಟದ್ದು ಸೇದಿದವನ ಹೆಂಡತಿಮಕ್ಕಳು. ಇನ್ನೊಂದು ಏನಂದರೆ, ಟಿಂಡೇಲನು ಆ ನಿಷೇಧವೇ ತೊಲಗಿಹೋಗಬೇಕೆಂದು ಹಾರೈಸಿದನು. ಇಂಗ್ಲೆಂಡಿನ ಅರಸನ ಕಣ್ಣುಗಳು ತೆರೆಯಲಿ ಎಂಬದೇ ಸಾಯುವಾಗ ಆತನ ಪ್ರಾರ್ಥನೆಯಾಗಿತ್ತೆಂದು ಹೇಳುತ್ತಾರೆ. ಕೆಲವೇ ವರ್ಷಗಳಲ್ಲಿ, 1539ರಲ್ಲಿ, ಅದೇ ಅರಸನ ಅಪ್ಪಣೆಯಿಂದ ಇಂಗ್ಲಿಷ್ ಸತ್ಯವೇದವು ದೇವಾಲಯಗಳಲ್ಲಿ ಇಡಲ್ಪಡುವದಕ್ಕೆ ಅಚ್ಚಾಯಿತು. ಲಾಭಕ್ಕೋಸ್ಕರ ಕಳ್ಳಸಾಗಣೆ ಮಾಡುವವನಾದರೋ ನಿಷೇಧವು ತೊಲಗಬೇಕೆಂದು ಅಪರೂಪವಾಗಿ ಹಾರೈಸುತ್ತಾನೆ. ಬಾಗಿಲು ಎಲ್ಲರಿಗೂ ತೆರೆದರೆ ಅವನ ಸರಕಿಗೆ ಬೆಲೆ ಇಳಿಯುತ್ತದೆ. ಆ ಗೋಡೆಯೇ ಅವನ ಹೊಲ.

ಗುಟ್ಸ್‌ಲಾಫನು ಈ ಭೇದವನ್ನು ನೋಡದೆ ಹೋದನು. ಎರಡನ್ನೂ ಒಂದೇ ಹಡಗಿಗೆ ಹಾಕಿದ್ದರಿಂದ ಸುವಾರ್ತೆಗೆ ಆದ ನಷ್ಟವು ದೊಡ್ಡದು. 1858ರಲ್ಲಿ, ಎರಡನೆಯ ಯುದ್ಧದ ನಡುವೆ, ಚೀನಾದವರು ಒಂದು ಒಡಂಬಡಿಕೆಯಿಂದ ಕ್ರೈಸ್ತ ಬೋಧನೆಗೆ ಅನುಮತಿ ಕೊಡಬೇಕಾಯಿತು. ಅದೇ ವರ್ಷ ಸುಂಕದ ಪಟ್ಟಿಯಲ್ಲಿ ಅಫೀಮನ್ನೂ ಸೇರಿಸಿಕೊಳ್ಳಬೇಕಾಯಿತು. ಎರಡೂ ಒಂದೇ ಫಿರಂಗಿಯ ಹಿಂದೆ ಬಂದವೆಂದು ಚೀನಾದ ಸಾಮಾನ್ಯ ಜನರು ತಿಳಿದುಕೊಂಡರೆ ಅವರ ಮೇಲೆ ತಪ್ಪು ಹೊರಿಸುವದು ಹೇಗೆ? ಆ ಮೇಲಿನ ಮಿಶನೆರಿಗಳು ಬಹು ವರ್ಷ ಈ ಕಲೆಯನ್ನು ತೊಳೆಯುವದಕ್ಕೆ ಪ್ರಯಾಸಪಟ್ಟರು. 1874ರಲ್ಲಿ ಇಂಗ್ಲೆಂಡಿನಲ್ಲಿ ಅಫೀಮು ವ್ಯಾಪಾರವನ್ನು ಅಡಗಿಸುವದಕ್ಕಾಗಿ ಒಂದು ಸಂಘವಾಯಿತು. 1906ರಲ್ಲಿ ಚೀನಾದಲ್ಲಿದ್ದ 1,300ಕ್ಕೂ ಮಿಕ್ಕ ಮಿಶನೆರಿಗಳು ರುಜುಹಾಕಿ ಚಕ್ರವರ್ತಿಗೆ ಅಫೀಮನ್ನು ನಿಲ್ಲಿಸಬೇಕೆಂದು ಬಿನ್ನಹ ಮಾಡಿದರು. 1907ರ ಒಪ್ಪಂದದಂತೆ ಹಿಂದೂದೇಶದಿಂದ ಹೋಗುವ ಅಫೀಮನ್ನು ವರ್ಷವರ್ಷಕ್ಕೂ ಹತ್ತನೆಯ ಒಂದು ಪಾಲು ಕಡಿಮೆಮಾಡುತ್ತಾ ಬಂದು, 1913ರಲ್ಲಿ ಚೀನಾಕ್ಕೆ ಮಾರುವದು ನಿಂತಿತು. ಘಾಜೀಪುರದ ಕಾರ್ಖಾನೆಯು ಇಂದಿಗೂ ನಡೆಯುತ್ತದೆ. ಈಗ ಅಲ್ಲಿಯ ಅಫೀಮಿನಿಂದ ನೋವು ತಣಿಸುವ ಔಷಧಗಳ ಸಾರವನ್ನು ತೆಗೆಯುತ್ತಾರೆ. ಗಿಡವು ಅದೇ.

ನಮ್ಮ ನಾಡಿನ ಸಂಗತಿಯು ಇಷ್ಟು ಸ್ಪಷ್ಟವಾದದ್ದಲ್ಲ, ಆದಕಾರಣವೇ ಹೆಚ್ಚು ಕಷ್ಟವಾದದ್ದು. ಸ್ವಾತಂತ್ರ್ಯ ಬಂದ ಮೇಲೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಚಿನ್ನವನ್ನು ಹೊರದೇಶದಿಂದ ತರುವದಕ್ಕೆ ಸರಕಾರದ ಕಟ್ಟು ಬಲವಾಗಿತ್ತು. ಗಡಿಯಾರ, ರೇಡಿಯೋ ಮೊದಲಾದವುಗಳಿಗೂ ಹಾಗೆಯೇ. ಪಶ್ಚಿಮ ಕರಾವಳಿಯಲ್ಲಿ ರಾತ್ರಿಯ ಹೊತ್ತು ಮಚ್ವೆಗಳಿಂದ ಸರಕು ಇಳಿಯುತ್ತಿದ್ದದ್ದನ್ನು ಹಿರಿಯರು ಕೇಳಿಬಲ್ಲರು. ಚಿನ್ನವು ಅಫೀಮಿನಂತೆ ಯಾರನ್ನೂ ಹಾಳುಮಾಡುವದಿಲ್ಲ. ಅಷ್ಟೇ ಅಲ್ಲ, 1963ರಲ್ಲಿ 14 ಕ್ಯಾರಟಿಗೆ ಮೀರಿದ ಚಿನ್ನದ ಒಡವೆ ಮಾಡಬಾರದೆಂಬ ನಿಯಮ ಬಂದಾಗ ನಮ್ಮ ಊರುಗಳ ಅಕ್ಕಸಾಲಿಗರೇ ಕೆಲಸವಿಲ್ಲದೆ ಕಷ್ಟಪಟ್ಟರು. 1968ರ ಚಿನ್ನದ ನಿಯಂತ್ರಣ ಶಾಸನವನ್ನು ಪಾರ್ಲಿಮೆಂಟು 1990ರಲ್ಲಿ ತೆಗೆದುಹಾಕಿತು. ಸರಕಾರವೇ ಬಿಟ್ಟುಬಿಟ್ಟ ಕಟ್ಟಳೆಯನ್ನು ಮುಂಚೆಯೇ ಮುರಿದವನು ಪಾಪಿಯೋ ಎಂದು ಕೇಳುವವರಿದ್ದಾರೆ.

ಆ ಕಟ್ಟಳೆಯು ಜ್ಞಾನವುಳ್ಳದ್ದಾಗಿತ್ತೆಂದು ನಾವು ವಾದಿಸುವದಿಲ್ಲ. ಆದರೆ ಅಕ್ಕಸಾಲಿಗನು ಬೀದಿಗೆ ಬಂದು ತನ್ನ ಹೆಸರಿನಿಂದ ಬಿನ್ನಹ ಕೊಟ್ಟದ್ದು ಬೇರೆ, ಕತ್ತಲೆಯಲ್ಲಿ ಸರಕು ಇಳಿಸಿದವನು ಮಾಡಿದ್ದು ಬೇರೆ. ಅವನು ಕಾವಲುಗಾರನಿಗೆ ಲಂಚ ಕೊಟ್ಟು ಅವನನ್ನು ಕೆಡಿಸಿದನು. ದೋಣಿಯಲ್ಲಿ ಕೂಲಿಗೆ ಹೋದ ಬಡ ಬೆಸ್ತನು ಸೆರೆಮನೆಗೆ ಹೋದನು, ಸರಕಿನ ಧಣಿಯು ಹೋಗಲಿಲ್ಲ. ಅನ್ಯಾಯವೆಂದು ತೋಚಿದ ಕಟ್ಟಳೆಯನ್ನು ಎದುರಿಸುವದಕ್ಕೆ ಮನಸ್ಸಾಕ್ಷಿಯುಳ್ಳವನಿಗೆ ದಾರಿಯಿತ್ತು. ಆ ದಾರಿಯಲ್ಲಿ ಲಾಭವಿರಲಿಲ್ಲ ಅಷ್ಟೇ.

ಈಗಿನ ದಿನಗಳಲ್ಲಿ ಚಿನ್ನವು ಹಾಗೆ ನಿಷಿದ್ಧವಲ್ಲ, ಸುಂಕಕ್ಕೆ ಒಳಪಟ್ಟದ್ದು. ಗಲ್ಫ್ ದೇಶಗಳಿಂದ ಊರಿಗೆ ಬರುವ ನಮ್ಮ ಸಹೋದರ ಸಹೋದರಿಯರು ಇಷ್ಟು ತರಬಹುದೆಂಬ ಮಿತಿಯೂ, ಮೀರಿದರೆ ತೋರಿಸಿ ಸುಂಕ ಕೊಡುವ ಬಾಗಿಲೂ ವಿಮಾನ ನಿಲ್ದಾಣದಲ್ಲಿ ಇವೆ. ಇನ್ನೊಬ್ಬರು ಕೊಟ್ಟ ಪೊಟ್ಟಣವನ್ನು ಟಿಕೇಟಿನ ಹಣಕ್ಕೋಸ್ಕರ ಹೊತ್ತು ತರುವದು ಮಾತ್ರ ಹಳೆಯ ದೋಣಿಯ ಕೂಲಿಯೇ. ಸಿಕ್ಕಿಬೀಳುವವನು ಹೊತ್ತವನು, ಕೊಟ್ಟವನಲ್ಲ. ಯೌವನಸ್ಥರನ್ನು ಕೆಲಸಕ್ಕೆ ಕಳುಹಿಸುವ ತಂದೆತಾಯಿಗಳು ಇದನ್ನು ಅವರಿಗೆ ಮುಂಚಿತವಾಗಿಯೇ ಹೇಳಿಕೊಡುವದು ಒಳ್ಳೇದು.

ಸಭೆಯ ಹಿರಿಯರಿಗೆ ಇನ್ನೂ ಒಂದು ಪ್ರಶ್ನೆಯುಂಟು. ಹೀಗೆ ಬಂದ ಹಣದಿಂದ ಯಾರಾದರೂ ದೇವಾಲಯದ ಮಾಡಿಗೆ ಹಂಚು ಹಾಕಿಸುವೆನೆಂದು ಬಂದರೆ ಏನು ಮಾಡಬೇಕು? ಕಾಣಿಕೆ ಪೆಟ್ಟಿಗೆಯಲ್ಲಿ ಬೀಳುವ ಒಂದೊಂದು ನಾಣ್ಯದ ಹುಟ್ಟನ್ನು ವಿಚಾರಿಸುವದು ಆಗದ ಕೆಲಸ, ಅದು ನಮಗೆ ಅಪ್ಪಣೆಯಾದದ್ದೂ ಅಲ್ಲ. ಆದರೆ ಊರೆಲ್ಲಾ ಬಲ್ಲ ಸಂಗತಿಯನ್ನು ಹಿರಿಯರು ಮಾತ್ರ ಅರಿಯದವರಂತೆ ಇರಬಾರದು. ಅಂಥವನ ಬಳಿಗೆ ಇಬ್ಬರು ಹಿರಿಯರು ಮೆಲ್ಲಗೆ ಹೋಗಿ, ಕೊಡಬೇಕಾದ ಸುಂಕವು ಕೊಟ್ಟಾಗಿದೆಯೋ ಎಂದು ಕೇಳಲಿ. ಆಗಿಲ್ಲವಾದರೆ ಹಂಚು ಹಾಕಿಸುವದು ಇನ್ನೊಂದು ಮಳೆಗಾಲದ ವರೆಗೆ ತಡೆಯಬಹುದು; ಅದುವರೆಗೆ ಹುಲ್ಲಿನ ಮಾಡಿನ ಕೆಳಗೆ ಆರಾಧನೆ ನಡೆಯಲಿ.